ಹತ್ತದ ವಿಮಾನದ ಬಾಡಿಗೆ

"ನಾನು ಇಮಾನ ಹತ್ತೇ ಇಲ್ಲಲ್ರಿ ಟೀಚರ್, ಮತ್ತ ಬಾಡಿಗಿ ಯಾಕ ಕೊಡಬೇಕ್ರಿ?"

ದೇವದುರ್ಗದ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಈ ಪ್ರಶ್ನೆ ಕೇಳಿದ್ದು 2024ರ ಸೆಪ್ಟೆಂಬರಿನಲ್ಲಿ, ಒಲೆಯ ಮುಂದೆ ನಿಂತು, ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡು. ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳುತ್ತಿರುವ, ಬಿ.ಎ., ಬಿ.ಎಡ್. ಪಾಸಾದ ನನ್ನ ಬಳಿ ಉತ್ತರವಿರಲಿಲ್ಲ. "ಅದು ರೂಲ್ ಹಂಗೈತಿ ಅಕ್ಕ" ಎಂದು ಹೇಳಿ ತರಗತಿಗೆ ಹೊರಟುಹೋದೆ. ಯಾವ ರೂಲು, ಯಾರು ಮಾಡಿದ್ದು, ಅದರಲ್ಲಿ ಏನಿದೆ ಎಂಬುದನ್ನು ನಾನು ಓದಿಯೇ ಇರಲಿಲ್ಲ. ಓದದ ರೂಲನ್ನು ಓದಿದವಳಂತೆ ಹೇಳಿದ್ದೆ. ಈ ಬರಹ ಆ ಸುಳ್ಳಿನ ಪ್ರಾಯಶ್ಚಿತ್ತ ಎಂದು ಬೇಕಾದರೆ ತಿಳಿಯಿರಿ.

ನಡೆದದ್ದು ಇಷ್ಟು. ಆ ವರ್ಷದ ದಸರಾ ರಜೆಯಲ್ಲಿ ಕಾಶಿಗೆ ಹೋಗಬೇಕೆಂದು ನಾವು ನಾಲ್ವರು ಹೆಂಗಸರು ನಿಶ್ಚಯಿಸಿದೆವು. ರಾಯಚೂರಿನಲ್ಲಿ ಮನೆ ಮಾಡಿಕೊಂಡು ದಿನಾ ದೇವದುರ್ಗಕ್ಕೆ ಬಸ್ಸಿನಲ್ಲಿ ಓಡಾಡುವ ನಾನು, ಮಾನ್ವಿಯಲ್ಲಿರುವ ನನ್ನ ತಂಗಿ, ನನ್ನ ಸಹೋದ್ಯೋಗಿ ಒಬ್ಬರು ಮತ್ತು ಬಿಸಿಯೂಟದ ಅಕ್ಕ. ರೈಲಿನಲ್ಲಿ ಹೋಗೋಣವೆಂದರೆ ಅಕ್ಕ ಒಪ್ಪಲಿಲ್ಲ. "ಒಮ್ಮೆರ ಇಮಾನದಾಗ ಕುಂದ್ರಬೇಕ್ರಿ" ಎಂದರು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗಿನಿಂದ ಖಾತೆಗೆ ಬಿದ್ದ ಎರಡೆರಡು ಸಾವಿರವನ್ನು ಮಗನ ಕೈಗೆ ಕೊಡದೆ ಬ್ಯಾಂಕಿನಲ್ಲೇ ಉಳಿಸಿಕೊಂಡಿದ್ದರು. ಆ ದುಡ್ಡಿನಲ್ಲಿ ವಿಮಾನ.

ನಮ್ಮ ರಾಯಚೂರಿಗೆ ವಿಮಾನ ನಿಲ್ದಾಣವೆಂದರೆ ಹೈದರಾಬಾದಿನದೇ. ಯರಮರಸಿನಲ್ಲಿ ನಿಲ್ದಾಣ ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ತಲೆ ಹಣ್ಣಾಗಿದೆ. ಜುಲೈ ತಿಂಗಳಲ್ಲಿ ರಾಯಚೂರಿನ ಒಬ್ಬ ಟ್ರಾವೆಲ್ ಏಜೆಂಟರ ಬಳಿ ಹೈದರಾಬಾದಿನಿಂದ ವಾರಾಣಸಿಗೆ ನಾಲ್ಕು ಟಿಕೆಟ್ ಮಾಡಿಸಿದೆ. ಒಂದಕ್ಕೆ 5,400ರಂತೆ ಒಟ್ಟು 21,600 ರೂಪಾಯಿ. ಬರುವ ದಾರಿಯನ್ನು ರೈಲಿಗೆ ಬಿಟ್ಟೆವು.

ಪ್ರಯಾಣಕ್ಕೆ 26 ದಿನ ಇರುವಾಗ ಮಾನ್ವಿಯಿಂದ ಫೋನು ಬಂತು. ತಂಗಿಗೆ ವಿಪರೀತ ರಕ್ತಸ್ರಾವ. ಪರೀಕ್ಷೆ ಮಾಡಿದ ವೈದ್ಯರು ಗರ್ಭಕೋಶ ತೆಗೆಯಲೇಬೇಕು, ತಡಮಾಡಬೇಡಿ ಎಂದರು. ನಾಲ್ವರಲ್ಲಿ ಒಬ್ಬಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ಉಳಿದ ಮೂವರು ಗಂಗೆಯಲ್ಲಿ ಮುಳುಗುವುದು ಯಾವ ಪುಣ್ಯ? ಟಿಕೆಟ್ ರದ್ದು ಮಾಡಿಸಲು ಅದೇ ದಿನ ಏಜೆಂಟರ ಬಳಿ ಹೋದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದರು: "ಏನೂ ಬರೂದಿಲ್ಲ ಮೇಡಂ. ಕಡಿಮಿ ರೇಟಿನ ಟಿಕೆಟ್. ನಾನ್ ರಿಫಂಡಬಲ್."

ನಾನೇನು ಮಾಡಿದೆ ಗೊತ್ತೇ? "ಹೌದೇನ್ರಿ, ಆಯ್ತು ಬಿಡ್ರಿ" ಎಂದು ಎದ್ದು ಬಂದೆ. ತಂಗಿಗೆ ಹೇಳಿದಾಗ ಅವಳೂ "ಹೋಗ್ಲಿ ಬಿಡಕ್ಕ, ಜೀವ ಉಳಿದ್ರ ಸಾಕು" ಎಂದಳು. ಸಹೋದ್ಯೋಗಿಯೂ ಅದನ್ನೇ ಎಂದರು. ಮೂವರು ಓದಿದ ಹೆಂಗಸರು ಬಿಡು ಹೋಗಲಿ ಎಂದೆವು. ಓದು ಬರೆಯಲು ಬಾರದ ಒಬ್ಬರು ಮಾತ್ರ ಯಾಕೆ ಎಂದು ಕೇಳಿದರು.

ಸೋದರಿಯರೇ, ನಾವು ಸಂತೆಯಲ್ಲಿ ಬದನೆಕಾಯಿಗೆ ಐದು ರೂಪಾಯಿ ಹೆಚ್ಚಾಯಿತೆಂದು ಮೂರು ಬುಟ್ಟಿ ಸುತ್ತಿ ಬರುವವರು. ಸೀರೆಯ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ನೂರು ರೂಪಾಯಿ ಇಳಿಸಿದ ಮೇಲೆಯೇ ಏಳುವವರು. ಅಂಥ ನಾವು ಗಾಜಿನ ಬಾಗಿಲಿನ ಅಂಗಡಿಯಲ್ಲಿ, ಇಂಗ್ಲಿಷಿನ ಒಂದು ಶಬ್ದ ಕೇಳಿದ ಕೂಡಲೇ ಸಾವಿರಾರು ರೂಪಾಯಿ ಬಿಟ್ಟು ಬರುತ್ತೇವೆ. ಬದನೆಕಾಯಿ ಮಾರುವವಳಿಗೆ ನಾವು ಹೆದರುವುದಿಲ್ಲ, ಏಕೆಂದರೆ ಅವಳು ನಮ್ಮಷ್ಟೇ ಬಡವಿ. ಇದು ಚೌಕಾಸಿಯ ಜಾಣತನವಲ್ಲ, ಎಳೆಯ ಬಳ್ಳಿಯನ್ನು ಕಂಡು ಕೊಡಲಿ ಎತ್ತಿದ ಹಾಗೆ.

ನವೆಂಬರಿನಲ್ಲಿ ಹತ್ತನೆಯ ತರಗತಿಗೆ 'ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ' ಎಂಬ ಪಾಠ ಮಾಡುತ್ತಿದ್ದೆ. ಮಾಹಿತಿ ಪಡೆಯುವ ಹಕ್ಕು, ಆಯ್ಕೆಯ ಹಕ್ಕು, ಪರಿಹಾರದ ಹಕ್ಕು ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತಿರುವಾಗ ಕಿಟಕಿಯಾಚೆ ಅಕ್ಕ ಅನ್ನದ ಪಾತ್ರೆ ಹೊತ್ತು ಹೋದರು. ಸುಣ್ಣದ ಕಡ್ಡಿ ಕೈಯಲ್ಲೇ ನಿಂತಿತು. ಆ ಸಂಜೆ ಮನೆಗೆ ಬಂದು ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಟಿಕೆಟ್ಟನ್ನು ಮೊದಲ ಸಲ ಪೂರ್ತಿ ಓದಿದೆ. ಅದರಲ್ಲಿ ಒಂದಕ್ಷರ ಕನ್ನಡವಿರಲಿಲ್ಲ.

ಅದರ ಲೆಕ್ಕ ಹೀಗಿತ್ತು. ಮೂಲ ದರ 3,900 ರೂಪಾಯಿ. ಅದರ ಕೆಳಗೆ ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ 1,250. ಒಟ್ಟು 5,150. ಏಜೆಂಟರ ಸೇವೆಗೆ 250. ಇಲ್ಲಿ ನನಗೆ ಅಕ್ಕನ ಪ್ರಶ್ನೆ ಮತ್ತೆ ನೆನಪಾಯಿತು. ಬಳಕೆದಾರರ ಶುಲ್ಕ ಎಂದರೆ ನಿಲ್ದಾಣವನ್ನು ಬಳಸುವವರು ಕೊಡುವ ಹಣ. ಅದರ ಬಾಗಿಲನ್ನೇ ನೋಡದವರು ಯಾವುದನ್ನು ಬಳಸಿದರು? ಭದ್ರತಾ ಶುಲ್ಕವೆಂದರೆ ನಮ್ಮನ್ನೂ ನಮ್ಮ ಚೀಲವನ್ನೂ ತಪಾಸಣೆ ಮಾಡಿ ಕಾಯುವುದಕ್ಕೆ. ನಾವು ಅಂದು ಮಾನ್ವಿಯ ಮನೆಯಲ್ಲಿ ತಂಗಿಗೆ ಗಂಜಿ ಕುಡಿಸುತ್ತಿದ್ದೆವು. ಅಲ್ಲಿ ನಮ್ಮನ್ನು ಕಾದವರು ಯಾರು?

ಮಗಳು ಮೊಬೈಲಿನಲ್ಲಿ ಹುಡುಕಿ ನಿಯಮ ತೆಗೆದಳು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಎಂಬ ಕೇಂದ್ರ ಸರ್ಕಾರದ ಕಚೇರಿ ಟಿಕೆಟ್ ಹಣ ವಾಪಸಾತಿಗೆ 2008ರಲ್ಲೇ ನಿಯಮ ಮಾಡಿದೆ. ಅದನ್ನು ತಿದ್ದಿ ಗ್ರಾಹಕರಿಗೆ ಅನುಕೂಲವಾಗುವ ಹಲವು ಅಂಶ ಸೇರಿಸಿ 2016ರ ಆಗಸ್ಟ್ 1ರಿಂದ ಜಾರಿಗೆ ತಂದಿದೆ. ನಾವು ಟಿಕೆಟ್ ಮಾಡಿಸಿದಾಗ ಜಾರಿಯಲ್ಲಿದ್ದದ್ದು ಅದೇ. ಅದನ್ನು ಓದುತ್ತ ಹೋದಂತೆ ನನಗೆ ಸಿಟ್ಟೂ ನಾಚಿಕೆಯೂ ಒಟ್ಟಿಗೇ ಬಂದವು.

ಅದರಲ್ಲಿ ಏನಿತ್ತು ಎಂಬುದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಟಿಕೆಟ್ ರದ್ದು ಮಾಡಿದರೂ, ಬಳಸದೆ ಬಿಟ್ಟರೂ, ವಿಮಾನ ತಪ್ಪಿಸಿಕೊಂಡರೂ, ಶಾಸನಬದ್ಧ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಶುಲ್ಕಗಳನ್ನೂ ಪ್ರಯಾಣಿಕರಿಗೆ ಹಿಂದಿರುಗಿಸಬೇಕು. ಅಗ್ಗದ ಟಿಕೆಟ್ಟಿಗೂ, ಮೂಲ ದರ ವಾಪಸ್ ಇಲ್ಲ ಎಂದು ಮುದ್ರಿಸಿದ ಟಿಕೆಟ್ಟಿಗೂ ಇದು ಅನ್ವಯ. ರದ್ದತಿ ಶುಲ್ಕ ಎಷ್ಟೇ ಇರಲಿ, ಮೂಲ ದರ ಮತ್ತು ಇಂಧನ ಶುಲ್ಕ ಕೂಡಿದ ಮೊತ್ತವನ್ನು ಮೀರಬಾರದು. ಹಣ ಹಿಂದಿರುಗಿಸುವ ಕೆಲಸಕ್ಕೆಂದು ಕಂಪನಿ ಬೇರೆ ಶುಲ್ಕ ಹಾಕಬಾರದು. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಹಣ 7 ದಿನದೊಳಗೆ ಹಿಂದಿರುಗಬೇಕು. ಏಜೆಂಟರ ಮೂಲಕ ಕೊಂಡಿದ್ದರೆ, ಏಜೆಂಟರು ಕಂಪನಿಯ ಪ್ರತಿನಿಧಿಗಳೇ ಆದ್ದರಿಂದ ಹೊಣೆ ಕಂಪನಿಯದೇ, 30 ಕೆಲಸದ ದಿನಗಳೊಳಗೆ ಮುಗಿಸಬೇಕು. ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮಾ ಇಟ್ಟುಕೊಳ್ಳುವುದು ಪ್ರಯಾಣಿಕರ ಇಷ್ಟ, ಕಂಪನಿಯ ಇಷ್ಟವಲ್ಲ.

ಇಷ್ಟೆಲ್ಲ ಸ್ಪಷ್ಟವಾಗಿ ಬರೆದಿತ್ತು. ನನಗೆ ಸಿಕ್ಕ ಉತ್ತರ ಮಾತ್ರ "ಏನೂ ಬರೂದಿಲ್ಲ ಮೇಡಂ."

ಮರುದಿನ ಟಿಕೆಟ್ಟನ್ನೂ ನಿಯಮದ ಪ್ರತಿಯನ್ನೂ ಹಿಡಿದುಕೊಂಡು ಏಜೆಂಟರ ಬಳಿ ಹೋದೆ. ಅವರ ದನಿ ಬದಲಾಯಿತು. ಕಂಪನಿಯವರು ಒಂದು ಟಿಕೆಟ್ಟಿಗೆ 3,500 ರದ್ದತಿ ಶುಲ್ಕ ಹಿಡಿಯುತ್ತಾರೆ, ನಮ್ಮದು 600, ಉಳಿದ 1,050ರಂತೆ ನಾಲ್ಕಕ್ಕೆ 4,200 ಬಂದರೆ ಬರಬಹುದು, ನೋಡೋಣ ಎಂದರು. ಎರಡು ತಿಂಗಳ ಹಿಂದೆ ಏನೂ ಇಲ್ಲದ ಕಡೆ ಈಗ 4,200 ಹುಟ್ಟಿತ್ತು. ಟಿಕೆಟ್ ಕೊಳ್ಳುವಾಗ ಈ 600ರ ಮಾತನ್ನು ಯಾರೂ ಆಡಿರಲಿಲ್ಲ, ಬರೆದೂ ಕೊಟ್ಟಿರಲಿಲ್ಲ. ನಾನು ಮನೆಗೆ ಬಂದು ವಿಮಾನ ಕಂಪನಿಯ ದೂರು ವಿಭಾಗಕ್ಕೆ ಮಗಳ ಕೈಯಿಂದ ಒಂದು ಪುಟದ ಇ-ಮೇಲ್ ಬರೆಸಿದೆ. ಐದು ದಿನದಲ್ಲಿ ಉತ್ತರ ಬಂತು. ಟಿಕೆಟ್ಟಿಗೆ 1,650ರಂತೆ 6,600 ರೂಪಾಯಿಯನ್ನು ಸೆಪ್ಟೆಂಬರಿನಲ್ಲೇ ಏಜೆಂಟರ ಖಾತೆಗೆ ಜಮಾ ಮಾಡಿದ್ದೇವೆ ಎಂದಿತ್ತು. ಅಂದರೆ ನಾನು "ಆಯ್ತು ಬಿಡ್ರಿ" ಎಂದು ಎದ್ದು ಬಂದ ವಾರವೇ ಹಣ ರಾಯಚೂರಿಗೆ ಬಂದಿತ್ತು. ನಮ್ಮ ಮನೆಗೆ ಮಾತ್ರ ಬಂದಿರಲಿಲ್ಲ.

ಆ ಉತ್ತರವನ್ನು ತೋರಿಸಿದ ಮೇಲೆ 6,600 ರೂಪಾಯಿ ಸಿಕ್ಕಿತು. 600ರ ಮಾತು ಮತ್ತೆ ಬರಲಿಲ್ಲ. ಅಕ್ಕನ ಪಾಲಿನ 1,650ನ್ನು ಕೈಗಿತ್ತಾಗ ಅವರು ಎಣಿಸಿ, ಸೆರಗಿಗೆ ಗಂಟು ಹಾಕಿಕೊಂಡು, "ಅಂದ್ರ ಬರ್ತಿತ್ತಲ್ರಿ" ಎಂದರು. ನಾನು ತಲೆ ತಗ್ಗಿಸಿದೆ.

ಇಲ್ಲಿಗೆ ಕಥೆ ಸುಖಾಂತವಾಯಿತು ಎಂದು ಕೆಲವರು ತಿಳಿದಾರು. ನನ್ನ ಜಗಳ ಶುರುವಾಗುವುದೇ ಇಲ್ಲಿಂದ. ಏಜೆಂಟರ ಆಟ ಸಣ್ಣದು, ಕೇಳಿದರೆ ನಿಲ್ಲುತ್ತದೆ. ಕಾನೂನಿನ ಒಳಗೇ ನಿಂತು ಹಿಡಿದ ಆ 3,500ರ ಮಾತೇನು? ಅಕ್ಕನ ಲೆಕ್ಕದಲ್ಲಿ ಅದು ಎರಡು ತಿಂಗಳ ಗೃಹಲಕ್ಷ್ಮಿಗೆ 500 ಮಾತ್ರ ಕಡಿಮೆ.

ಕಂಪನಿಯವರ ಪಕ್ಷವನ್ನೂ ಕೇಳೋಣ. ಅವರು ಹೇಳುವುದು: ಸೀಟು ಎಂದರೆ ಸಂತೆಯ ಸೊಪ್ಪು, ವಿಮಾನ ಹಾರಿದ ಮೇಲೆ ಅದಕ್ಕೆ ಬೆಲೆಯಿಲ್ಲ. ನೀವು ಹಿಡಿದಿಟ್ಟುಕೊಂಡು ಕೊನೆಗೆ ಬಿಟ್ಟರೆ ನಮಗೆ ನಷ್ಟ. ಕಡಿಮೆ ದರಕ್ಕೆ ಕೊಟ್ಟದ್ದೇ ಈ ಷರತ್ತಿನ ಮೇಲೆ. ಮಾತಿನಲ್ಲಿ ಸತ್ಯವಿದೆ, ಇಲ್ಲವೆನ್ನಲಾರೆ. ಹೊರಡುವ ಹೊತ್ತಿಗೆ ಬರಲಾರೆ ಎಂದವರು ದಂಡ ತೆತ್ತರೆ ನ್ಯಾಯವೇ. ನಾವು ಹೇಳಿದ್ದು 26 ದಿನ ಮೊದಲು. ಸೊಪ್ಪು ಇನ್ನೂ ಮಡಿಯಲ್ಲಿತ್ತು, ಕೊಯ್ದೇ ಇರಲಿಲ್ಲ. ದಸರೆಯ ಕಾಲ, ಕಾಶಿಯ ದಾರಿ, ಆ ನಾಲ್ಕು ಸೀಟನ್ನು ಮತ್ತೆ ಮಾರಲು ಅವರಿಗೆ ಸುಮಾರು ನಾಲ್ಕು ವಾರ ಸಮಯವಿತ್ತು. ದಿನ ಹತ್ತಿರ ಬಂದಂತೆ ವಿಮಾನದ ದರ ಏರುವುದನ್ನು ಎಲ್ಲರೂ ನೋಡಿದ್ದೇವೆ. ಒಂದೇ ಸೀಟಿಗೆ ನಮ್ಮಿಂದ 3,500, ಅದರಲ್ಲಿ ಕುಳಿತವರಿಂದ ಪೂರ್ತಿ ದರ. ಒಂದೇ ಹೊಲವನ್ನು ಇಬ್ಬರಿಗೆ ಗುತ್ತಿಗೆ ಕೊಟ್ಟು ಇಬ್ಬರಿಂದಲೂ ಹಣ ಪಡೆದವರನ್ನು ನಮ್ಮ ಮಾನ್ವಿಯ ಕಡೆ ಏನೆಂದು ಕರೆಯುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದು ಶಿಕ್ಷಕಿಗೆ ಶೋಭಿಸುವುದಿಲ್ಲ.

ರೈಲನ್ನು ನೋಡಿ. ರೈಲ್ವೆ ಇಲಾಖೆ 2015ರ ನವೆಂಬರಿನಲ್ಲಿ ಜಾರಿಗೆ ತಂದ ನಿಯಮದಂತೆ, ನಾವು ಟಿಕೆಟ್ ಮಾಡಿಸಿದ ಆ ಕಾಲದಲ್ಲಿ, ಹೊರಡುವ 48 ಗಂಟೆಗೆ ಮೊದಲು ಸ್ಲೀಪರ್ ಟಿಕೆಟ್ ರದ್ದು ಮಾಡಿದರೆ 120 ರೂಪಾಯಿ ಹಿಡಿಯುತ್ತಿದ್ದರು. ಅನಂತರ 12 ಗಂಟೆಯವರೆಗೆ ಕಾಲು ಭಾಗ, ಆಮೇಲೆ 4 ಗಂಟೆಯವರೆಗೆ ಅರ್ಧ. ಬೇಗ ಹೇಳಿದವರಿಗೆ ಕಡಿಮೆ, ತಡವಾಗಿ ಹೇಳಿದವರಿಗೆ ಹೆಚ್ಚು. ಇದು ಯಾರಿಗಾದರೂ ಅರ್ಥವಾಗುವ ನ್ಯಾಯದ ಮೆಟ್ಟಿಲು. ವಿಮಾನ ಕಂಪನಿಗಳೂ ಕೆಲವು ಕಡೆ ಮೆಟ್ಟಿಲು ಇಟ್ಟಿರುವುದುಂಟು, ಆದರೆ ಮೊದಲ ಮೆಟ್ಟಿಲೇ ನಮ್ಮ ಎದೆಯ ಮಟ್ಟಕ್ಕಿರುತ್ತದೆ.

ಇನ್ನೊಂದು ಮಾತು ಕೇಳಿ. ರದ್ದು ಮಾಡುವವರು ನಾವಲ್ಲ, ಕಂಪನಿಯೇ ಆದರೆ? ಅದಕ್ಕೂ ಇದೇ ಮಹಾನಿರ್ದೇಶನಾಲಯದ ನಿಯಮವಿದೆ. ಟಿಕೆಟ್ ಹಣ ಪೂರ್ತಿ ಹಿಂದಿರುಗಿಸಬೇಕು, ಇಲ್ಲವೇ ಬೇರೆ ವಿಮಾನ ಒದಗಿಸಬೇಕು. ಸರಿಯಾದ ಹೊತ್ತಿಗೆ ತಿಳಿಸದೆ ರದ್ದು ಮಾಡಿದರೆ ಅದರ ಮೇಲೆ ಪರಿಹಾರ. 2016ರ ನಿಯಮದಲ್ಲಿ ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ, ಅಥವಾ ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನ, ಮುಷ್ಕರದಂತಹ ಕೈಮೀರಿದ ಕಾರಣವಿದ್ದರೆ ಪರಿಹಾರವಿಲ್ಲ. ಎರಡು ವಾರ ಮೊದಲೇ ತಿಳಿಸಿ ಹಣವನ್ನೋ ಬೇರೆ ವಿಮಾನವನ್ನೋ ಕೊಟ್ಟರೂ ಪರಿಹಾರವಿಲ್ಲ.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಅವರು 14 ದಿನ ಮೊದಲು ಬರಲಾರೆವು ಎಂದರೆ ಒಂದು ರೂಪಾಯಿ ದಂಡವಿಲ್ಲ. ನಾವು 26 ದಿನ ಮೊದಲು ಬರಲಾರೆವು ಎಂದರೆ ತಲೆಗೆ 3,500. ಅವರಿಗೆ ಬಿರುಗಾಳಿ ಕೈಮೀರಿದ ಕಾರಣ. ನಮಗೆ ರಕ್ತಸ್ರಾವ ಕೈಮೀರಿದ ಕಾರಣವಲ್ಲ. ಇದು ಯಾವ ತಕ್ಕಡಿ?

2025ರ ಡಿಸೆಂಬರ್ ಮೊದಲ ವಾರ ನಿಮಗೆ ನೆನಪಿರಬೇಕು. ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೋ ಕಂಪನಿ ಸಿದ್ಧವಾಗಿರದ ಕಾರಣ ದೇಶದಾದ್ಯಂತ ಸಾವಿರಾರು ಹಾರಾಟ ರದ್ದಾದವು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು. ನಮ್ಮ ಹುಬ್ಬಳ್ಳಿಯಲ್ಲಿ ಆರತಕ್ಷತೆಗೆ ಮಂಟಪ ಸಿದ್ಧವಾಗಿ, ನೆಂಟರು ಬಂದು ಕುಳಿತಿದ್ದರೂ ಭುವನೇಶ್ವರದಿಂದ ಬರಬೇಕಿದ್ದ ನವದಂಪತಿ ಬರಲಾಗದೆ, ಅಲ್ಲಿಂದಲೇ ಪರದೆಯ ಮೇಲೆ ಕಾಣಿಸಿಕೊಂಡು ಕೈಮುಗಿದರು. ಮದುಮಕ್ಕಳ ಕುರ್ಚಿಯಲ್ಲಿ ಹೆಣ್ಣಿನ ತಂದೆತಾಯಿ ಕುಳಿತರು. ಆ ತಾಯಿಯ ಮುಖವನ್ನು ನೆನೆದರೆ ಯಾವ ಪರಿಹಾರದ ಮೊತ್ತವೂ ಸಣ್ಣದಾಗಿ ಕಾಣುತ್ತದೆ.

ಆ ಗದ್ದಲದಿಂದ ನಾನು ಕಲಿತದ್ದು ಬೇರೆ. ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಬಾಕಿ ಹಣವನ್ನೆಲ್ಲ ಹಿಂದಿರುಗಿಸಿ ಎಂದು ಕೇಂದ್ರ ಸರ್ಕಾರ ಗಡುವು ಹಾಕಿತು. ಅಷ್ಟರಲ್ಲಿ 610 ಕೋಟಿ ರೂಪಾಯಿ ಹಿಂದಿರುಗಿಸಲಾಗಿದೆ ಎಂದು ಸಚಿವಾಲಯವೇ ತಿಳಿಸಿತು. ನೋಡಿದಿರಾ? 30 ಕೆಲಸದ ದಿನ ಬೇಕು, ಬ್ಯಾಂಕಿನಲ್ಲಿ ತಡ, ಕಂಪ್ಯೂಟರಿನಲ್ಲಿ ತೊಂದರೆ ಎಂಬ ಮಾತೆಲ್ಲ ಎಲ್ಲಿ ಹೋದವು? ನೂರಾರು ಕೋಟಿಯನ್ನು ಎರಡು ಮೂರು ದಿನದಲ್ಲಿ ಮರಳಿಸಬಲ್ಲ ಯಂತ್ರಕ್ಕೆ ದೇವದುರ್ಗದ ಒಬ್ಬ ಹೆಂಗಸಿನ 1,650 ರೂಪಾಯಿ ಮರಳಿಸಲು ಎರಡು ತಿಂಗಳು ಬೇಕಾಯಿತೆಂದರೆ, ಅಡ್ಡ ಬಂದದ್ದು ಯಂತ್ರವಲ್ಲ. ಅಂದು ಲಕ್ಷಾಂತರ ಜನ ಒಟ್ಟಿಗೆ ಕೂಗಿದರು, ಆದ್ದರಿಂದ ಬಂತು. ಅಳದಿದ್ದರೆ ಅಮ್ಮನೂ ಹಾಲು ಕೊಡುವುದಿಲ್ಲ ಎಂಬ ಗಾದೆ ಅಮ್ಮನ ವಿಷಯದಲ್ಲಿ ಸುಳ್ಳಿರಬಹುದು, ಕಂಪನಿಯ ವಿಷಯದಲ್ಲಿ ನಿಜ.

ಕೊರೋನಾ ಕಾಲದಲ್ಲಿಯೂ ಹೀಗೇ ಆಯಿತು. 2020ರ ಮಾರ್ಚ್ 25ರಿಂದ ದೇಶೀಯ ವಿಮಾನಗಳೆಲ್ಲ ನಿಂತಾಗ ಕಂಪನಿಗಳು ಹಣ ಕೊಡದೆ 'ಕ್ರೆಡಿಟ್ ಶೆಲ್' ಎಂಬ ಜಮಾಚೀಟಿ ಕೊಟ್ಟವು. ಕೆಲಸ ಕಳೆದುಕೊಂಡವರಿಗೆ ಮುಂದಿನ ವರ್ಷದ ವಿಮಾನ ಯಾಕೆ ಬೇಕು? ಅಕ್ಕಿಗೆ ದುಡ್ಡು ಬೇಕಿತ್ತು. ಜನ ನ್ಯಾಯಾಲಯದ ಮೆಟ್ಟಿಲೇರಿದರು. ಲಾಕ್‌ಡೌನ್ ಅವಧಿಯಲ್ಲೇ ಕೊಂಡು, ಆ ಅವಧಿಯಲ್ಲೇ ಪ್ರಯಾಣಿಸಬೇಕಿದ್ದವರಿಗೆ ಪೂರ್ತಿ ಹಣ ಕೊಡಿ, ಉಳಿದವರಿಗೆ 15 ದಿನದೊಳಗೆ ಕೊಡಿ, ಕೊಡಲಾಗದಷ್ಟು ಕಷ್ಟದಲ್ಲಿರುವ ಕಂಪನಿ 2021ರ ಮಾರ್ಚ್ 31ರವರೆಗೆ ಜಮಾ ಇಟ್ಟುಕೊಂಡರೂ ಅದರ ಮೊತ್ತವನ್ನು ತಿಂಗಳಿಂದ ತಿಂಗಳಿಗೆ ಹೆಚ್ಚಿಸುತ್ತ ಹೋಗಲಿ ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು. ಕೇಳಿದವರು ಇದ್ದರು, ಆದ್ದರಿಂದ ತೀರ್ಪು ಬಂತು.

"ವಿಮಾನ ಹತ್ತುವವರು ದುಡ್ಡಿದ್ದವರು, ಅವರ ಕಷ್ಟ ನಮಗೇಕೆ?" ಎಂದು ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲೇ ಒಬ್ಬರು ಕೇಳಿದರು. ಆ ಕಾಲ ಹೋಯಿತು. 2003ರಲ್ಲಿ ನಮ್ಮವರೇ ಆದ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ, ಸಾಮಾನ್ಯರೂ ವಿಮಾನ ಹತ್ತಬಹುದು ಎಂದು ತೋರಿಸಿದರು. ಇಂದು ಮಾನ್ವಿಯ ಅಕ್ಕಿ ಗಿರಣಿಯ ಗುಮಾಸ್ತನ ಮಗ ದೆಹಲಿಗೆ ಪರೀಕ್ಷೆ ಬರೆಯಲು ಹೋಗುತ್ತಾನೆ. ಮಗಳ ಬಾಣಂತನಕ್ಕೆ ಪುಣೆಗೆ, ಅಹಮದಾಬಾದಿಗೆ ತಾಯಂದಿರು ಹಾರುತ್ತಾರೆ. ಬಾಣಂತನದ ದಿನ ಹಿಂದೆಮುಂದೆ ಆಗುತ್ತದೆ. ಅತ್ತೆಗೆ ಜ್ವರ ಬರುತ್ತದೆ, ಮೊಮ್ಮಗುವಿಗೆ ಸೀತಾಳೆ ಸಿಡುಬು ಏಳುತ್ತದೆ. ಪ್ರಯಾಣ ರದ್ದು ಮಾಡಬೇಕಾದ ಕಾರಣಗಳಲ್ಲಿ ಮುಕ್ಕಾಲು ಪಾಲು ಹೆಂಗಸರ ಮಡಿಲಿಗೇ ಬಂದು ಬೀಳುತ್ತವೆ. ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಉಳಿದುಕೊಳ್ಳುವವರು ನಾವು. ಹಾಗಾಗಿ ಈ ದಂಡ ಹೆಚ್ಚಾಗಿ ತೆರುವವರೂ ನಾವೇ.

ಆದ್ದರಿಂದ ನಾಲ್ಕು ಮಾತು ನೆನಪಿಡಿ. ಸಾಧ್ಯವಾದರೆ ಟಿಕೆಟ್ಟನ್ನು ಕಂಪನಿಯ ಜಾಲತಾಣದಲ್ಲೇ ನೇರವಾಗಿ ಕೊಳ್ಳಿ, ಮನೆಯ ಹುಡುಗರ ಸಹಾಯ ಪಡೆಯಿರಿ. ಹಾಗೆ ಕೊಂಡು, ಪ್ರಯಾಣಕ್ಕೆ 7 ದಿನವಾದರೂ ಇದ್ದರೆ, 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದು ಮಾಡುವ ಅವಕಾಶವನ್ನು 2016ರ ನಿಯಮವೇ ಕೊಟ್ಟಿತ್ತು. ಅದನ್ನು 48 ಗಂಟೆಗೆ ಏರಿಸುವ, ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನ ಹಣವನ್ನು 21 ಕೆಲಸದ ದಿನದೊಳಗೆ ಕೊಡಿಸುವ, ವೈದ್ಯಕೀಯ ತುರ್ತಿದ್ದರೆ ಹಣವನ್ನೋ ಜಮಾಚೀಟಿಯನ್ನೋ ಕೊಡುವ ಕರಡನ್ನು ಮಹಾನಿರ್ದೇಶನಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಅಂಕಿಗಳು ಬದಲಾಗುತ್ತಿರುತ್ತವೆ, ಕೊಳ್ಳುವ ದಿನ ಜಾರಿಯಲ್ಲಿರುವ ನಿಯಮ ಯಾವುದೆಂದು ಕೇಳಿ ತಿಳಿಯಿರಿ.

ಎರಡನೆಯದು, ಏಜೆಂಟರ ಬಳಿ ಕೊಂಡರೆ ರದ್ದು ಮಾಡಿದಾಗ ಕಂಪನಿ ಎಷ್ಟು ಹಿಡಿಯುತ್ತದೆ, ನೀವೆಷ್ಟು ಹಿಡಿಯುತ್ತೀರಿ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರನೆಯದು, "ಏನೂ ಬರುವುದಿಲ್ಲ" ಎಂದರೆ ನಂಬಬೇಡಿ. ತೆರಿಗೆ ಮತ್ತು ನಿಲ್ದಾಣದ ಶುಲ್ಕ ಬರಲೇಬೇಕು. ಎಷ್ಟು ಹಿಡಿದಿರಿ, ಯಾಕೆ ಹಿಡಿದಿರಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಬಾಯಿಮಾತೇ ಉತ್ತರ, ಕಾಗದಕ್ಕೆ ಕಾಗದ.

ನಾಲ್ಕನೆಯದು, ಕಂಪನಿ ಕೇಳದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯ 2016ರಲ್ಲಿ ಆರಂಭಿಸಿದ ಏರ್‌ಸೇವಾ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದಕ್ಕೂ ಮುಂದೆ ನಮ್ಮ ರಾಯಚೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ವಕೀಲರು ಬೇಕೇಬೇಕೆಂದಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ಆದ ನಷ್ಟಕ್ಕೆ ತೀರಾ ಹೊಂದದಷ್ಟು ದಂಡವನ್ನು ಗ್ರಾಹಕರ ಮೇಲೆ ಹೇರುವುದನ್ನು 'ಅನ್ಯಾಯದ ಕರಾರು' ಎಂದು ಹೆಸರಿಸಿದೆ. ಅಂಥ ದೂರನ್ನು ರಾಜ್ಯ ಆಯೋಗ ಕೇಳುತ್ತದೆ. ಮತ್ತೆ ಮಾರಿದ ಸೀಟಿಗೆ 3,500 ಹಿಡಿಯುವುದು ಯಾವ ನಷ್ಟಕ್ಕೆ ಹೊಂದುತ್ತದೆ ಎಂಬುದನ್ನು ಯಾರಾದರೂ ಅಲ್ಲಿ ನಿಂತು ಕೇಳಬೇಕು.

ಸರ್ಕಾರವನ್ನು ಕೇಳುವುದೂ ಇದೆ. ಬೇಗ ಹೇಳಿದವರಿಗೆ ಕಡಿಮೆ ದಂಡವೆಂಬ ಮೆಟ್ಟಿಲನ್ನು ವಿಮಾನಕ್ಕೂ ಕಡ್ಡಾಯ ಮಾಡಿ. ಅವರಿಗೆ ಎರಡು ವಾರದ ಗಡುವು ಸಾಕಾದರೆ ನಮಗೂ ಅದೇ ಗಡುವು ಸಾಕಾಗಲಿ. ತೆರಿಗೆ ಹಣ ಕೇಳದೆಯೇ, ಕೊಟ್ಟವರ ಖಾತೆಗೇ ನೇರವಾಗಿ ಬೀಳಲಿ. ರದ್ದತಿಯ ಲೆಕ್ಕ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಹಣ ಕಟ್ಟುವ ಮೊದಲೇ ಕಾಣಲಿ. ದೇವದುರ್ಗದಿಂದ ರಾಯಚೂರಿಗೆ ನಾವು ಹತ್ತುವ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟಿನ ಮೇಲೆ ಕೂಡ ಕನ್ನಡವಿರುತ್ತದೆ. ಐದು ಸಾವಿರದ ಟಿಕೆಟ್ಟಿನ ಮೇಲೆ ಯಾಕಿರಬಾರದು?

ಈಗ ನಾನು ಪ್ರತಿ ವರ್ಷ ಗ್ರಾಹಕ ಶಿಕ್ಷಣದ ಪಾಠ ಬಂದಾಗ ಆ ಟಿಕೆಟ್ಟನ್ನು ತರಗತಿಗೆ ಒಯ್ಯುತ್ತೇನೆ. ಹೆಸರುಗಳನ್ನು ಮುಚ್ಚಿ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇನೆ. 5,150ರಲ್ಲಿ 3,500 ಕಳೆದರೆ ಎಷ್ಟು? ಅದನ್ನು ಯಾರು, ಯಾರಿಗೆ, ಎಷ್ಟು ದಿನದಲ್ಲಿ ಕೊಡಬೇಕಿತ್ತು? ಹೋದ ಸಲ ಕೊನೆಯ ಬೆಂಚಿನ ಒಬ್ಬ ಹುಡುಗಿ ಲೆಕ್ಕ ಮುಗಿಸಿ ಎದ್ದು ನಿಂತಳು. "ಟೀಚರ್, ಎರಡು ತಿಂಗಳು ನೀವು ಯಾಕ ಕೇಳ್ಲಿಲ್ಲರಿ?" ಎಂದಳು.

ಆ ಪ್ರಶ್ನೆಯನ್ನು ನಾನು ಹಲಗೆಯ ಮೇಲೆ ಬರೆದೆ. ಮಕ್ಕಳು ಅದನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.